ಹೆಸರು ಬರೆಯುವ ಕೈಗಳು ಬೇಕಾಗಿವೆ

1907ರಲ್ಲಿ ಸೋಲ್ ವೈಟ್ ಎಂಬ ಬೇಸ್‌ಬಾಲ್ ಆಟಗಾರರು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದರು. ಕಪ್ಪು ವರ್ಣೀಯರ ಬೇಸ್‌ಬಾಲ್ ಇತಿಹಾಸವನ್ನು ಹೇಳಿದ ಮೊದಲ ಪುಸ್ತಕ ಅದು. ಬಿಳಿಯರ ಲೀಗುಗಳು ಬಾಗಿಲು ಹಾಕಿಕೊಂಡಿದ್ದ ಕಾಲ. ಹೊರಗುಳಿದವರು ತಮ್ಮದೇ ತಂಡ ಕಟ್ಟಿಕೊಂಡು, ಊರಿಂದೂರಿಗೆ ರೈಲು ಹತ್ತಿ, ಸಿಕ್ಕ ಬಯಲಿನಲ್ಲಿ ಆಡುತ್ತಿದ್ದರು. ಅವರನ್ನು ಬರೆದಿಡುವವರು ಯಾರೂ ಇರಲಿಲ್ಲ. ವೈಟ್ ತಾವೇ ಬರೆದಿಟ್ಟರು: ಯಾವ ತಂಡ, ಯಾವ ವರ್ಷ, ಯಾರು ಯಾರು. 1955ರಲ್ಲಿ ಅವರು ತೀರಿಕೊಂಡಾಗ ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನ ಒಂದು ಸ್ಮಶಾನದಲ್ಲಿ ಮಣ್ಣು ಮಾಡಿದರು. 2006ರಲ್ಲಿ ಬೇಸ್‌ಬಾಲ್ ಲೋಕದ ಅತಿ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಿಕೊಂಡರು. ಆಗಲೂ ಅವರ ಸಮಾಧಿಯ ಮೇಲೆ ಒಂದು ಕಲ್ಲು ಇರಲಿಲ್ಲ. ಎಲ್ಲರ ಹೆಸರು ಉಳಿಸಿದವರ ಹೆಸರೇ ಮಣ್ಣಿನಲ್ಲಿ ಮುಚ್ಚಿಹೋಗಿತ್ತು. ಕಲ್ಲು ಬಂದದ್ದು 2014ರಲ್ಲಿ.

ಆ ಕಲ್ಲನ್ನು ನಿಲ್ಲಿಸಿದವರು ಯಾರು? ಸರ್ಕಾರವೆ? ಕೋಟಿಗಟ್ಟಲೆ ಡಾಲರಿನ ವಹಿವಾಟು ನಡೆಸುವ ಲೀಗುಗಳೆ? ಅಲ್ಲ, ಗೆಳೆಯರೇ. ನಮ್ಮ ನಿಮ್ಮಂಥ ಆಟದ ಹುಚ್ಚಿನವರು.

ಇಲಿನಾಯ್ ರಾಜ್ಯದ ಪಿಯೋರಿಯಾ ಊರಿನಲ್ಲಿ ಜೆರೆಮಿ ಕ್ರಾಕ್ ಎಂಬ ಅರಿವಳಿಕೆ ವೈದ್ಯರಿದ್ದಾರೆ. ಅವರ ಮನೆತನದ ಹಿರಿಯರು ಮಿಸೌರಿಯ ಆರ್ಡ್‌ಮೋರ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯವರು. ಅದೇ ಹಳ್ಳಿಯಲ್ಲಿ 1910ರಲ್ಲಿ ಹುಟ್ಟಿದವರು ಜಿಮ್ಮಿ ಕ್ರಚ್‌ಫೀಲ್ಡ್. ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ಎಂಬ ಹೆಸರಾಂತ ಕಪ್ಪು ತಂಡದ ಆಟಗಾರ. ನಮ್ಮೂರ ಹುಡುಗ ಎಂಥ ಆಟ ಆಡುತ್ತಿದ್ದ ಎಂದು ಹಿರಿಯರು ಹೇಳಿದ್ದನ್ನು ಕೇಳಿಕೊಂಡು ಬೆಳೆದ ವೈದ್ಯರು ಆ ಆಟಗಾರರ ಸಮಾಧಿಯನ್ನು ಹುಡುಕಿದರು. 1993ರಲ್ಲಿ ತೀರಿಕೊಂಡ ಕ್ರಚ್‌ಫೀಲ್ಡ್ ಷಿಕಾಗೋ ಹತ್ತಿರದ ಆಲ್ಸಿಪ್‌ನ ಬರ್ ಓಕ್ ಸ್ಮಶಾನದಲ್ಲಿದ್ದಾರೆ ಎಂದು ಗೊತ್ತಾಯಿತು. ಅಲ್ಲಿ ಇದ್ದದ್ದು ಬರೀ ಹುಲ್ಲು. ವಿಚಾರಿಸಿದರೆ ಅದೇ ಸ್ಮಶಾನದಲ್ಲಿ ಜಾನ್ ಡೊನಾಲ್ಡ್‌ಸನ್ ಮತ್ತು ಕ್ಯಾಂಡಿ ಜಿಮ್ ಟೇಲರ್ ಎಂಬ ಇನ್ನಿಬ್ಬರು ಘಟಾನುಘಟಿಗಳೂ ಕಲ್ಲಿಲ್ಲದೆ ಮಲಗಿದ್ದರು. ಕ್ರಾಕ್ ಬೇಸ್‌ಬಾಲ್ ಸಂಶೋಧಕರ ಸಂಘದ ಸದಸ್ಯರಲ್ಲಿ ಕೈಚಾಚಿದರು. ಹತ್ತು, ಇಪ್ಪತ್ತು ಡಾಲರು ಎಂದು ಜನ ಕೊಟ್ಟರು. 2004ರಲ್ಲಿ ಮೂವರಿಗೂ ಕಲ್ಲು ನಿಂತಿತು. ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಊರೂರಿನ ಸ್ಮಶಾನಗಳಲ್ಲಿ ಗುರುತಿಲ್ಲದೆ ಉಳಿದಿದ್ದ ಹತ್ತಾರು ಆಟಗಾರರಿಗೆ ಆಮೇಲೆ ಹೆಸರಿನ ಕಲ್ಲುಗಳು ಬಂದವು, ಸೋಲ್ ವೈಟ್ ಅವರಿಗೂ.

ಆ ಮೂವರಲ್ಲಿ ಡೊನಾಲ್ಡ್‌ಸನ್ ಅವರನ್ನು ನೀವು ವಿಶೇಷವಾಗಿ ತಿಳಿಯಬೇಕು. ಯಾಕೆಂದರೆ ಅವರ ಕಥೆ ದೊಡ್ಡ ಕ್ರೀಡಾಂಗಣದ ಕಥೆಯಲ್ಲ, ಸಣ್ಣ ಊರಿನ ಕಥೆ. 1891ರಲ್ಲಿ ಮಿಸೌರಿಯ ಗ್ಲಾಸ್ಗೋದಲ್ಲಿ ಹುಟ್ಟಿದ ಎಡಗೈ ಪಿಚರ್, ಅಂದರೆ ಚೆಂಡೆಸೆಯುವವರು. ಆ ಕಾಲದ ಅಮೆರಿಕದ ಬಯಲುಸೀಮೆಯಲ್ಲಿ ಊರಿಗೊಂದು ಬೇಸ್‌ಬಾಲ್ ತಂಡ. ವಾರವೆಲ್ಲ ಹೊಲದಲ್ಲಿ, ಅಂಗಡಿಯಲ್ಲಿ, ಕುಲುಮೆಯಲ್ಲಿ ದುಡಿದವರು ಭಾನುವಾರ ಮಧ್ಯಾಹ್ನ ಪಕ್ಕದ ಊರಿನವರ ಮೇಲೆ ಬೀಳುತ್ತಿದ್ದರು. ಸೋತರೆ ವಾರವಿಡೀ ತಲೆ ತಗ್ಗಿಸಿ ನಡೆಯಬೇಕು. ಹಾಗಾಗಿ ಕೈಲಾದ ಊರುಗಳು ಹಣ ಕೂಡಿಸಿ ಒಬ್ಬ ಒಳ್ಳೆಯ ಪಿಚರ್‌ನನ್ನು ಹೊರಗಿನಿಂದ ಕರೆತರುತ್ತಿದ್ದವು. ಮಿನಸೋಟಾದ ಬರ್ಥಾ ಎಂಬ ಪುಟ್ಟ ಊರು 1924ರಲ್ಲಿ ಕರೆತಂದದ್ದು ಡೊನಾಲ್ಡ್‌ಸನ್ ಅವರನ್ನು. ಯೋಚಿಸಿ: ಬಿಳಿಯರೇ ತುಂಬಿದ ಊರು, ಬಿಳಿಯರದೇ ತಂಡ, ನಡುವಿನ ದಿಬ್ಬದ ಮೇಲೆ ಒಬ್ಬರೇ ಕಪ್ಪು ಮನುಷ್ಯ. ಇಡೀ ಜಿಲ್ಲೆಯ ಜನ ಅವರ ಎಸೆತ ನೋಡಲು ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ದೊಡ್ಡ ಲೀಗು ಮಾತ್ರ ಬಾಗಿಲು ತೆರೆಯಲಿಲ್ಲ. ಕ್ಯೂಬಾಗೆ ಹೋಗಿ ಹೆಸರು ಬದಲಿಸಿಕೊಂಡು ಕ್ಯೂಬಾದವನೆಂದು ಹೇಳಿಕೊಂಡು ಬಾ, ಒಳ್ಳೆಯ ಹಣ ಕೊಡುತ್ತೇವೆ ಎಂಬ ಆಮಿಷವೂ ಅವರಿಗೆ ಬಂದಿತ್ತು. ಅವರು ಒಪ್ಪಲಿಲ್ಲ. ತನ್ನ ಹೆಸರು ತನಗೇ ಇರಲಿ ಎಂದು ದೊಡ್ಡ ಲೀಗನ್ನೇ ಬಿಟ್ಟುಕೊಟ್ಟವರ ಸಮಾಧಿಯ ಮೇಲೆ ಮೂವತ್ತನಾಲ್ಕು ವರ್ಷ ಆ ಹೆಸರೇ ಇರಲಿಲ್ಲ!

1970ರಲ್ಲಿ ತೀರಿಕೊಂಡ ಈ ಮನುಷ್ಯನನ್ನು ಲೋಕ ಮರೆತೇಬಿಟ್ಟಿತ್ತು. ಮತ್ತೆ ನೆನಪಿಗೆ ತಂದವರು ಪೀಟರ್ ಗಾರ್ಟನ್ ಎಂಬ ಮಿನಸೋಟಾದ ಸಂಶೋಧಕ ಮತ್ತು ಅವರ ಜೊತೆಗೂಡಿದ ಸ್ವಯಂಸೇವಕರು. ಅವರ ಹತ್ತಿರ ಏನಿತ್ತು? ಸಣ್ಣ ಊರುಗಳ ವಾರಪತ್ರಿಕೆಗಳು, ಗ್ರಂಥಾಲಯದ ಮೈಕ್ರೋಫಿಲ್ಮ್ ಸುರುಳಿಗಳು, ಮತ್ತು ತಾಳ್ಮೆ. ಒಂದು ಊರಿನ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು, ಇನ್ನೊಂದು ಊರಿನದರಲ್ಲಿ ಬರೀ ಸ್ಕೋರು. ಹೀಗೆ ನೂರಾರು ಊರುಗಳ ಸಾಲುಗಳನ್ನು ಹೆಕ್ಕಿ, ತಾರೀಖು ಹೊಂದಿಸಿ, ಒಂದಕ್ಕೊಂದು ತಾಳೆ ನೋಡಿ, ಬೇಸರವಾದರೂ ಬಿಡದೆ ವರ್ಷಾನುಗಟ್ಟಲೆ ಕೂತು ಅವರು ಲೆಕ್ಕ ಒಪ್ಪಿಸಿದಾಗ ಜಗತ್ತು ಕಣ್ಣರಳಿಸಿತು. 400ಕ್ಕೂ ಹೆಚ್ಚು ಗೆಲುವು. 5,000ಕ್ಕೂ ಹೆಚ್ಚು ಸ್ಟ್ರೈಕ್‌ಔಟ್, ಅಂದರೆ ಎಸೆತದಿಂದಲೇ ಬ್ಯಾಟುಗಾರನನ್ನು ಔಟ್ ಮಾಡಿದ್ದು. 1925ರಲ್ಲಿ ಫರ್ಗಸ್ ಫಾಲ್ಸ್ ಊರಿನಲ್ಲಿ ಅವರು ಚೆಂಡೆಸೆಯುವುದನ್ನು ಯಾರೋ ಕ್ಯಾಮೆರಾದಲ್ಲಿ ಹಿಡಿದಿದ್ದರು. ಒಂದು ನಿಮಿಷವೂ ತುಂಬದ ಆ ಮೂಕಿ ಚಿತ್ರ ಕೂಡ ಸಿಕ್ಕಿತು. ಸತ್ತು ನಲವತ್ತು ವರ್ಷವಾದ ಮೇಲೆ ಡೊನಾಲ್ಡ್‌ಸನ್ ಮತ್ತೆ ತೋಳು ಬೀಸಿದರು.

ಗೆದ್ದೇಬಿಟ್ಟರು ಎಂದು ಹೇಳಿ ನಿಮ್ಮನ್ನು ಮರುಳು ಮಾಡಲಾರೆ. 2021ರ ಡಿಸೆಂಬರಿನಲ್ಲಿ ಹಾಲ್ ಆಫ್ ಫೇಮ್‌ನ ಆಯ್ಕೆ ಸಮಿತಿಯ ಮುಂದೆ ಡೊನಾಲ್ಡ್‌ಸನ್ ಹೆಸರು ಬಂತು. 16 ಮತಗಳಲ್ಲಿ 12 ಬೇಕಿತ್ತು, 8 ಸಿಕ್ಕವು. ಅದೇ ದಿನ ಆಯ್ಕೆಯಾದವರಲ್ಲಿ ಬಡ್ ಫೌಲರ್ ಒಬ್ಬರು. ದಾಖಲೆಯಲ್ಲಿ ಸಿಗುವ ಮೊದಲ ಕಪ್ಪು ವೃತ್ತಿಪರ ಆಟಗಾರ. ಅವರು ಬೆಳೆದದ್ದು ಇದೇ ಹಾಲ್ ಆಫ್ ಫೇಮ್ ಇರುವ ಕೂಪರ್ಸ್‌ಟೌನ್ ಊರಿನಲ್ಲಿಯೇ! 1913ರಲ್ಲಿ ತೀರಿಕೊಂಡ ಅವರ ಸಮಾಧಿಗೂ ಕಲ್ಲು ಬಂದದ್ದು 1987ರಲ್ಲಿ, ಅದೂ ಸಂಶೋಧಕರ ಸಂಘದ ಕೈಯಿಂದ. ಮೊದಲು ಕಲ್ಲು, ಆಮೇಲೆ ಗೌರವ. ಮೊದಲು ಹೆಸರು ಹುಡುಕುವ ಸಾಮಾನ್ಯರು, ಆಮೇಲೆ ಹೆಸರು ಓದುವ ದೊಡ್ಡವರು.

ಇನ್ನೂ ಒಂದು ಮಾತು. 2020ರ ಡಿಸೆಂಬರಿನಲ್ಲಿ ಅಮೆರಿಕದ ಮೇಜರ್ ಲೀಗ್, 1920ರಿಂದ 1948ರವರೆಗಿನ ಕಪ್ಪು ಲೀಗುಗಳೂ ತನಗೆ ಸಮಾನವೇ ಎಂದು ಒಪ್ಪಿಕೊಂಡಿತು. 2024ರ ಮೇ ತಿಂಗಳಲ್ಲಿ ಅಂಕಿ ಅಂಶಗಳನ್ನು ಒಂದುಗೂಡಿಸಿತು. ಅಂದು ಕಪ್ಪು ಲೀಗುಗಳ ಜೋಷ್ ಗಿಬ್ಸನ್ .372 ಬ್ಯಾಟಿಂಗ್ ಸರಾಸರಿಯೊಂದಿಗೆ ಬಿಳಿಯರ ಲೀಗಿನ ಟೈ ಕಾಬ್ ಅವರ .367 ದಾಟಿ ಸಾರ್ವಕಾಲಿಕ ಪಟ್ಟಿಯ ತುದಿಗೇರಿದರು. ಗಿಬ್ಸನ್ ತೀರಿಕೊಂಡದ್ದು 1947ರ ಜನವರಿಯಲ್ಲಿ. ಜಾಕಿ ರಾಬಿನ್‌ಸನ್ ವರ್ಣದ ಗೋಡೆ ಒಡೆದು ಮೇಜರ್ ಲೀಗ್ ಅಂಗಳಕ್ಕೆ ಇಳಿಯಲು ಇನ್ನು ಮೂರೇ ತಿಂಗಳಿತ್ತು. ಗಿಬ್ಸನ್ ಅವರ ಸಮಾಧಿಗೆ ಕಲ್ಲು ಬಂದದ್ದು 1975ರಲ್ಲಿ. ಈ ಅಂಕಿಗಳೆಲ್ಲ ಆಕಾಶದಿಂದ ಬಿದ್ದವೆ? ಹಳೆಯ ಪತ್ರಿಕೆಗಳನ್ನು ತಿರುವಿ ಪಂದ್ಯದಿಂದ ಪಂದ್ಯಕ್ಕೆ ಲೆಕ್ಕ ಕೂಡಿಸಿದವರು ಆಟದ ಮೇಲಿನ ಪ್ರೀತಿಯಿಂದ ಕೆಲಸಕ್ಕೆ ಕೂತವರು. ಆದರೂ ಆ ಲೆಕ್ಕದ ಆಚೆ ಉಳಿದವರೇ ಹೆಚ್ಚು. ಬರ್ಥಾದ ಭಾನುವಾರದ ಪಂದ್ಯ ಯಾವ ಲೀಗಿನ ಲೆಕ್ಕಕ್ಕೂ ಬರುವುದಿಲ್ಲ. ಊರಿನ ಆಟವನ್ನು ಊರಿನವರೇ ಬರೆಯಬೇಕು. ಬೇರೆ ಯಾರೂ ಬರೆಯುವುದಿಲ್ಲ.

ಈಗ ಹೇಳಿ, ತರುಣರೇ, ನಮ್ಮ ಊರಿನ ಆಟವನ್ನು ಬರೆದವರು ಯಾರು?

ನಾವು ಮರೆಯುವ ನಾಡಿನವರಲ್ಲ. ಕಲ್ಲಿನಲ್ಲಿ ಹೆಸರು ಕೊರೆದು ನಿಲ್ಲಿಸುವುದನ್ನು ನಮಗೆ ಯಾರೂ ಹೊರಗಿನಿಂದ ಕಲಿಸಬೇಕಾಗಿಲ್ಲ. ದನ ಕಾಯಲು ಹೋಗಿ ಸತ್ತವನಿಗೆ, ಊರ ಗಡಿ ಕಾದು ಸತ್ತವನಿಗೆ ವೀರಗಲ್ಲು ನಿಲ್ಲಿಸಿದ ನೆಲ ಇದು. ಮದ್ದೂರಿನ ಕಡೆಯ ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲಿ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತಿತು. ಅದಕ್ಕೂ ಕಲ್ಲು ನಿಂತಿತು, ಅದರ ಹೆಸರೂ ಕಲ್ಲಿಗೇರಿತು. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲು ಇಂದಿಗೂ ಇದೆ. ಸಾವಿರ ವರ್ಷದ ಹಿಂದಿನ ಒಂದು ನಾಯಿಯ ಹೆಸರು ನಮಗೆ ಗೊತ್ತು. ನಲವತ್ತು ವರ್ಷದ ಹಿಂದೆ ನಮ್ಮ ಊರಿಗೆ ತಾಲ್ಲೂಕು ಕಬಡ್ಡಿ ಕಪ್ಪು ತಂದ ಏಳು ಜನರ ಹೆಸರು ಗೊತ್ತೆ?

ಗೊತ್ತಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನ ಫುಟ್‌ಬಾಲ್ ಪಂದ್ಯದಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಮೈಸೂರು ತಂಡದ ಸಾರಂಗಪಾಣಿ ರಾಮನ್ ಅವರ ಹೆಸರೇ ನಮ್ಮಲ್ಲಿ ಎಷ್ಟು ಮಂದಿಯ ಬಾಯಲ್ಲಿದೆ? ಒಲಿಂಪಿಕ್ಸ್‌ನವರ ಪಾಡೇ ಹೀಗಾದರೆ, ಸಂತೆಮಾಳದಲ್ಲಿ ವಾಲಿಬಾಲ್ ಬಲೆ ಕಟ್ಟಿದವರ, ಗದ್ದೆ ಕೊಯ್ಲಾದ ಮೇಲೆ ಅಂಕಣ ಎಳೆದವರ ಪಾಡೇನು?

ನಾವು ಸ್ಮರಿಸುವುದೇ ಇಲ್ಲ ಎಂದಲ್ಲ. ಊರಿಗೆ ಊರೇ ಸೇರಿ ‘ದಿವಂಗತರ ಸ್ಮರಣಾರ್ಥ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ನಡೆಸುತ್ತೇವೆ. ಆ ಫ್ಲೆಕ್ಸನ್ನು ಒಮ್ಮೆ ಕಣ್ಣಿಟ್ಟು ನೋಡಿ. ಶುಭ ಕೋರುವವರ ಮುಖ ಮೊಳದಗಲ, ತೀರಿಕೊಂಡ ಆಟಗಾರನ ಮುಖ ಅಂಗೈ ಅಗಲ. ಆತ ಯಾವ ವರ್ಷ ಆಡಿದ, ರೈಡರೋ ಕ್ಯಾಚರೋ, ಜೊತೆಗೆ ಯಾರಿದ್ದರು ಎಂಬುದು ಎಲ್ಲಿಯೂ ಇಲ್ಲ. ಮಳೆ ಬಂದ ಮೇಲೆ ಆ ಫ್ಲೆಕ್ಸು ಯಾರದೋ ಹುಲ್ಲಿನ ಮೆದೆಯ ಹೊದಿಕೆ. (ಅದೂ ಒಂದು ಉಪಯೋಗವೇ ಅನ್ನಿ.) ಇಷ್ಟಕ್ಕೇ ನಾವು ತೃಪ್ತರಾಗಬೇಕೆ?

ಪೀಟರ್ ಗಾರ್ಟನ್ ಕೆಲಸಕ್ಕೆ ಇಳಿಯುವ ಹೊತ್ತಿಗೆ ಡೊನಾಲ್ಡ್‌ಸನ್ ಅವರ ಎಸೆತವನ್ನು ಕಣ್ಣಾರೆ ಕಂಡವರು ಬಹುಪಾಲು ತೀರಿಕೊಂಡಿದ್ದರು. ಗಾರ್ಟನ್ ಅವರಿಗೆ ಉಳಿದದ್ದು ಕಾಗದ ಮಾತ್ರ. ನಿಮಗೆ? ನಿಮಗೆ ಮನುಷ್ಯರೇ ಇದ್ದಾರೆ! ಜಗಲಿಯ ಮೇಲೆ ಕೂತ ದೊಡ್ಡಪ್ಪ, ನಿವೃತ್ತರಾದ ಪಿಟಿ ಮೇಷ್ಟ್ರು, ಸೀಟಿ ಊದಿ ಊದಿ ದನಿ ಒಡೆದ ಅಂಪೈರು, ಪಂದ್ಯದ ದಿನ ಉಚಿತವಾಗಿ ಪಾನಕ ಕೊಟ್ಟ ಅಂಗಡಿಯಾತ ನಿಮ್ಮ ಓಣಿಯಲ್ಲೇ ಇದ್ದಾರೆ. ನಿಮ್ಮ ಜೇಬಿನಲ್ಲಿರುವ ಫೋನು ಮಾತು ಹಿಡಿಯುತ್ತದೆ, ಚಿತ್ರ ಹಿಡಿಯುತ್ತದೆ, ಹಿಡಿದದ್ದನ್ನು ಲೋಕಕ್ಕೆ ಮುಟ್ಟಿಸುತ್ತದೆ. ಸೋಲ್ ವೈಟ್ ಅವರಿಗೆ ಇದ್ದದ್ದು ಒಂದು ಲೇಖನಿ. ನೀವು ಬಡವರಲ್ಲ. ನೀವು ಇನ್ನೂ ಶುರು ಮಾಡಿಲ್ಲ, ಅಷ್ಟೆ.

ಶಾಲೆಯ ಗೋಡೆಯ ಮೇಲೆ ಧೂಳು ಹಿಡಿದ ತಂಡದ ಪಟ ಇದೆಯಲ್ಲ, ಅಲ್ಲಿಂದ ತೊಡಗಿ. ಅದರ ಚಿತ್ರ ತೆಗೆಯಿರಿ, ದೊಡ್ಡದು ಮಾಡಿ ಹಿರಿಯರ ಕೈಗೆ ಕೊಡಿ, ಎಡದಿಂದ ಬಲಕ್ಕೆ ಒಬ್ಬೊಬ್ಬರನ್ನೇ ಕೇಳಿ. ಇಬ್ಬರು ಹಿರಿಯರು ಎರಡು ಹೆಸರು ಹೇಳಿದರೆ ಜಗಳವಾಗಲಿ, ಬಿಡಿ. ಆ ಜಗಳದಲ್ಲೇ ಮೂರನೆಯ ಪಂದ್ಯದ ಕಥೆ ಹೊರಬರುತ್ತದೆ. ಕೇಳಿದ ಮಾತನ್ನು ಹಳೆಯ ಪತ್ರಿಕೆಯೊಂದಿಗೆ, ಶಾಲೆಯ ದಾಖಲೆಯೊಂದಿಗೆ, ಕಪ್ಪಿನ ಮೇಲೆ ಕೆತ್ತಿದ ವರ್ಷದೊಂದಿಗೆ ತಾಳೆ ನೋಡಿ. ಹೆಸರು ತಪ್ಪಾಗಬಾರದು. ಪೀಟ್ ಹಿಲ್ ಎಂಬ ಮಹಾನ್ ಆಟಗಾರರ ಫಲಕದಲ್ಲಿ ಹಾಲ್ ಆಫ್ ಫೇಮ್‌ನವರೇ ಜಾನ್ ಎನ್ನುವ ಕಡೆ ಜೋಸೆಫ್ ಎಂದು ಕೆತ್ತಿಸಿದ್ದರು. ಸಂಶೋಧಕರು ಪಟ್ಟು ಬಿಡಲಿಲ್ಲ. 2010ರಲ್ಲಿ ಹೊಸ ಫಲಕ ಬಂತು.

ಹುಡುಗಿಯರೇ, ನಿಮಗೆ ಇದರಲ್ಲಿ ಇನ್ನೂ ಹೆಚ್ಚಿನ ಕೆಲಸವಿದೆ. ನಿಮ್ಮ ಅಜ್ಜಿಯ ಕಾಲದ ಖೊಖೊ ತಂಡದವರು ಮದುವೆಯಾಗಿ ಬೇರೆ ಬೇರೆ ಊರು ಸೇರಿದರು. ಎಷ್ಟೋ ಮಂದಿಯ ಹೆಸರೇ ಬದಲಾಯಿತು. ತವರಿನಲ್ಲಿ ಅವರ ಆಟ ನೆನೆಯುವವರಿಲ್ಲ, ಗಂಡನ ಮನೆಯಲ್ಲಿ ಅವರು ಆಡುತ್ತಿದ್ದರೆಂಬುದೇ ಗೊತ್ತಿಲ್ಲ. ಅವರಲ್ಲಿ ತೀರಿಕೊಂಡವರನ್ನು ಹುಡುಕುವುದು ಡೊನಾಲ್ಡ್‌ಸನ್ ಅವರನ್ನು ಹುಡುಕುವುದಕ್ಕಿಂತ ಕಷ್ಟ. ಕಷ್ಟ ಎಂದೇ ನಿಮ್ಮನ್ನು ಕೇಳುತ್ತಿರುವುದು. ಸುಲಭದ ಕೆಲಸಕ್ಕೆ ತಾರುಣ್ಯ ಯಾಕೆ ಬೇಕು?

ಸಿಕ್ಕ ಹೆಸರುಗಳನ್ನು ಊರಿನ ಗ್ರಂಥಾಲಯದಲ್ಲಿ ಒಂದು ಪುಸ್ತಕವಾಗಿ ಇಡಿ. ಕನ್ನಡ ವಿಕಿಪೀಡಿಯದಲ್ಲಿ ಊರಿನ ಪುಟಕ್ಕೆ ಆಧಾರ ಸಹಿತ ಸೇರಿಸಿ. ಆಟದ ಬಯಲಿನ ಅಂಚಿನಲ್ಲಿ ಒಂದು ಕಲ್ಲು ನಿಲ್ಲಿಸಲು ಪಂಚಾಯಿತಿಯನ್ನು ಕೇಳಿ, ಕೊಡದಿದ್ದರೆ ಮತ್ತೆ ಕೇಳಿ, ಆಗಲೂ ಕೊಡದಿದ್ದರೆ ಹತ್ತು ಇಪ್ಪತ್ತು ರೂಪಾಯಿ ಕೂಡಿಸಿ ನೀವೇ ನಿಲ್ಲಿಸಿ. ಮುಂದಿನ ಪಂದ್ಯಾವಳಿಯಲ್ಲಿ ಅತಿಥಿಗಳ ಭಾಷಣಕ್ಕೆ ಮೊದಲು ಆ ಹೆಸರುಗಳನ್ನು ಮೈಕಿನಲ್ಲಿ ಗಟ್ಟಿಯಾಗಿ ಓದಿ. ಆ ಮನೆಯವರು ಜನರ ನಡುವೆ ಕೂತು ಕೇಳಿಸಿಕೊಳ್ಳಲಿ.

ಮುಂದಿನ ವರ್ಷ ನೋಡೋಣ ಎನ್ನಬೇಡಿ. ಜಗಲಿಯ ಮೇಲಿನ ದೊಡ್ಡಪ್ಪನಿಗೆ ಎಂಬತ್ತು ದಾಟಿದೆ. ಈ ಭಾನುವಾರವೇ ಹೋಗಿ.