ವಿಶೇಷ ಆರೈಕೆ ಘಟಕದಲ್ಲಿ ನವಜಾತ ಶಿಶು: ತಂದೆತಾಯಿಗಳ ಪಾತ್ರ

(ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲ್ಲೂಕುಗಳ ದಂಪತಿಗಳಿಗಾಗಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಹೆರಿಗೆ ಸುಸೂತ್ರವಾಗಿ ಆಯಿತೆಂದು ಮನೆಯವರು ನೆಮ್ಮದಿಗೊಳ್ಳುವಷ್ಟರಲ್ಲಿಯೇ, ಕೂಸಿನ ತೂಕ ತೀರ ಕಡಿಮೆಯಿದೆ, ಉಸಿರಾಟ ಸರಿಯಾಗಿಲ್ಲ, ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು ಎಂದು ವೈದ್ಯರು ಹೇಳುವ ಪ್ರಸಂಗ ಬರುವುದುಂಟು. ಜೋಯಿಡಾದ ಕಾಡಿನೊಳಗಿನ ಹಳ್ಳಿಯವರು ಅಣಶಿ ಘಟ್ಟವನ್ನಿಳಿದು ಕಾರವಾರಕ್ಕೆ ಹೋಗಬೇಕಾಗಬಹುದು. ಹಳಿಯಾಳ, ಮುಂಡಗೋಡದವರು ಧಾರವಾಡ, ಹುಬ್ಬಳ್ಳಿಗಳ ಕಡೆಗೆ ಹೋಗಬಹುದು. ಅಲ್ಲಿ ಕೂಸನ್ನು ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ ಇರಿಸುತ್ತಾರೆ. ತಂದೆತಾಯಿಗಳು ಹೊರಗಿನ ಬೆಂಚಿನ ಮೇಲೆ ಕುಳಿತು, ಇನ್ನು ನಮ್ಮ ಕೆಲಸವೇನೂ ಇಲ್ಲ, ಎಲ್ಲವೂ ಯಂತ್ರದ ಕೈಯಲ್ಲಿದೆ ಎಂದು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲವೆಂದು ತಿಳಿಸುವುದೇ ಈ ದಿನ ನನ್ನ ಉದ್ದೇಶ.

ಈ ತಪ್ಪಿನಲ್ಲಿ ವೈದ್ಯರಾದ ನಮ್ಮ ಪಾಲೂ ಇದೆ. ನಾನು ತರಬೇತಿಯಲ್ಲಿದ್ದಾಗ ಒಂದು ಆಸ್ಪತ್ರೆಯಲ್ಲಿ, ತಿಂಗಳು ತುಂಬದೆ ಹುಟ್ಟಿದ ಕೂಸೊಂದು 22 ದಿನ ಒಳಗಿತ್ತು. ತಾಯಿಗೆ ದಿನಕ್ಕೊಮ್ಮೆ ಗಾಜಿನಾಚೆಯಿಂದ ನೋಡಲು ಮಾತ್ರ ಅವಕಾಶ. ಸೋಂಕು ತಗುಲೀತೆಂದು ನಾನೇ ಆಕೆಯನ್ನು ಎರಡು ಸಲ ಹೊರಗೆ ಕಳುಹಿಸಿದ್ದೆ. ಮನೆಗೆ ಹೋಗುವ ದಿನ ಕೂಸನ್ನು ಕೈಗೆ ಕೊಟ್ಟಾಗ, ಹೇಗೆ ಹಿಡಿಯಬೇಕೆಂದು ತಿಳಿಯದೆ ಆಕೆ ದಾದಿಯ ಮುಖ ನೋಡಿದಳು. ಅಷ್ಟರಲ್ಲಿ ಎದೆಹಾಲೂ ಬತ್ತುತ್ತ ಬಂದಿತ್ತು. ಐದನೆಯ ದಿನ ಕೂಸು ಮೈ ತಣ್ಣಗಾಗಿ ಮರಳಿ ಬಂತು, ಉಳಿಯಲಿಲ್ಲ. ಔಷಧಕ್ಕೆ ಕೊರತೆಯಿರಲಿಲ್ಲ. ತಾಯಿಗೆ ನಾವು ಏನನ್ನೂ ಕಲಿಸಿರಲಿಲ್ಲ.

ದೆಹಲಿಯ ಡಾ. ರಾಮಮನೋಹರ ಲೋಹಿಯಾ ಆಸ್ಪತ್ರೆಯಲ್ಲಿ ತಂದೆತಾಯಿಗಳನ್ನು ಘಟಕದೊಳಕ್ಕೆ ಬರಮಾಡಿಕೊಂಡು ಆರೈಕೆ ಕಲಿಸಿ ನೋಡಲಾಯಿತು. ನಾವು ಹೆದರಿದಂತೆ ಸೋಂಕು ಹೆಚ್ಚಲಿಲ್ಲ. ತಾಯಿಯ ಹಾಲನ್ನೇ ಕುಡಿಯುತ್ತ ಮನೆಗೆ ಹೋದ ಶಿಶುಗಳು ಹೆಚ್ಚಾದವು. 2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಇದೇ ಪದ್ಧತಿಯನ್ನು ದೇಶದ ಸರ್ಕಾರಿ ಘಟಕಗಳಿಗೆ ವಿಸ್ತರಿಸಲು ಮಾರ್ಗಸೂಚಿ ಹೊರಡಿಸಿತು. ಆದುದರಿಂದ ಒಳಗೆ ಬರಲು ಸಂಕೋಚ ಪಡಬೇಡಿ. "ನಾವೇನು ಮಾಡಬಹುದು?" ಎಂದು ದಾದಿಯರನ್ನು ಕೇಳಿರಿ.

ಮೊದಲು ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಟ್ಟು, ಮೊಳಕೈವರೆಗೆ ಸಾಬೂನಿನಿಂದ ಕೈ ತೊಳೆಯತಕ್ಕದ್ದು. ನೆಗಡಿ, ಜ್ವರವಿದ್ದವರು ತಿಳಿಸತಕ್ಕದ್ದು. ಕೊಳವೆ, ಸೂಜಿ, ಯಂತ್ರಗಳು ನಮ್ಮ ಪಾಲಿನವು, ಅವಕ್ಕೆ ಕೈ ಹಚ್ಚಬಾರದು. ಕೂಸಿಗೆ ಮೊಲೆ ಚೀಪುವ ಶಕ್ತಿಯಿಲ್ಲದಿದ್ದರೂ ತಾಯಿಯು ಎರಡು ಮೂರು ತಾಸಿಗೊಮ್ಮೆ, ರಾತ್ರಿಯಲ್ಲೂ, ಹಾಲನ್ನು ಹಿಂಡಿ ತೆಗೆಯಬೇಕು. ಇಲ್ಲವಾದರೆ ಹಾಲು ಬತ್ತುವುದು. ಆ ಹಾಲನ್ನು ಒಳಲೆಯಿಂದ ಕುಡಿಸುವುದನ್ನು ದಾದಿಯರು ಕಲಿಸುತ್ತಾರೆ. ನಮ್ಮ ಅಜ್ಜಿಯರ ಒಳಲೆಯೇ ಅದು! ಹಳೆಯ ಕಾಲದ ವಸ್ತುವೆಂದು ನಗುತ್ತಿದ್ದ ನಮಗೆ ಅದು ಆಸ್ಪತ್ರೆಯಲ್ಲಿಯೇ ಎದುರಾಯಿತು.

ಎಲ್ಲಕ್ಕಿಂತ ಮಿಗಿಲಾದುದು ಎದೆಗಪ್ಪಿಸಿಕೊಳ್ಳುವ ಆರೈಕೆ. ಇದನ್ನು ಕಾಂಗರೂ ಆರೈಕೆ ಎನ್ನುತ್ತಾರೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ, ಶಾಖಪೆಟ್ಟಿಗೆಗಳು ಸಾಲದೆ, ಡಾ. ಎಡ್ಗರ್ ರೇ ಅವರು ಇದನ್ನು ಆರಂಭಿಸಿದರು. ಬಡತನದ ಉಪಾಯವೆಂದು ಇದನ್ನು ಕಡೆಗಣಿಸಬೇಡಿ. ದೆಹಲಿಯೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1ರಿಂದ 1.8 ಕಿಲೋ ತೂಕದೊಳಗಿನ ಶಿಶುಗಳ ಪೈಕಿ, ಚೇತರಿಸಿಕೊಂಡ ನಂತರವೇ ಎದೆಗೆ ಕೊಟ್ಟಲ್ಲಿ ಮೊದಲ 28 ದಿನಗಳಲ್ಲಿ ನೂರಕ್ಕೆ ಸುಮಾರು 16 ತೀರಿಕೊಂಡವು. ಹುಟ್ಟಿದ ಕೂಡಲೇ ಕೊಟ್ಟಲ್ಲಿ 12. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿಯೂ ಇದನ್ನು ಆಸ್ಪತ್ರೆಯಲ್ಲಿ ಆರಂಭಿಸಿ ಮನೆಯಲ್ಲಿ ಮುಂದುವರಿಸುವ ಪ್ರಯತ್ನ ನಡೆದಿದೆ.

ಕೂಸಿಗೆ ಟೊಪ್ಪಿಗೆ, ಕಾಲುಚೀಲ, ಲಂಗೋಟಿ ಮಾತ್ರ ತೊಡಿಸಿ, ಬರಿಮೈಯ ಎದೆಯ ಮೇಲೆ ನೆಟ್ಟಗೆ, ಕಪ್ಪೆಯಂತೆ ಕೈಕಾಲು ಮಡಿಸಿ ಇರಿಸಬೇಕು. ತಲೆ ಒಂದು ಮಗ್ಗುಲಿಗಿರಲಿ, ಮೂಗುಬಾಯಿ ಮುಚ್ಚದಿರಲಿ. ಮೇಲಿನಿಂದ ಬಟ್ಟೆ ಕಟ್ಟಬೇಕು. ದಿನಕ್ಕೆ ಕನಿಷ್ಠ 8 ತಾಸು, ಹೆಚ್ಚಾದಷ್ಟೂ ಲೇಸು. ಬಾಣಂತಿ ಒಬ್ಬಳೇ ಇಷ್ಟು ಹೊತ್ತು ಹೇಗೆ ಕುಳಿತಾಳು? ಇಲ್ಲಿಯೇ ತಂದೆಯ ಕರ್ತವ್ಯ ಬರುತ್ತದೆ. ಶುದ್ಧಿಯಾಗುವ ತನಕ ಗಂಡಸು ಕೂಸನ್ನು ಮುಟ್ಟಬಾರದೆಂಬ ಮಾತು ಕೆಲವು ಮನೆಗಳಲ್ಲಿದೆ. ಹಿರಿಯರಲ್ಲಿ ನನ್ನ ವಿನಂತಿ: ಈ ಕೂಸು ಆ ದಿನದವರೆಗೆ ಕಾಯಲಾರದು. ತಂದೆಯ ಎದೆಯ ಶಾಖವೂ ಅಷ್ಟೇ ಒಳ್ಳೆಯದು. ಕೂಲಿ ತಪ್ಪುವ ದಿನಗಳಲ್ಲಿ ಅಜ್ಜಿಯೂ ಕುಳಿತುಕೊಳ್ಳಬಹುದು.

ಖರ್ಚಿಗೆ ಅಂಜಿ ಕೂಸನ್ನು ನಡುವೆಯೇ ಒಯ್ಯಬೇಡಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಕಾಯಿಲೆಯ ಶಿಶುವಿಗೆ ಚಿಕಿತ್ಸೆ, ಔಷಧ, ವಾಹನಗಳು ಉಚಿತ. ಮನೆಗೆ ಮರಳಿದ ಮೇಲೆ ಆಶಾ ಕಾರ್ಯಕರ್ತೆ ಬರುವಳು. ಕೂಸು ಹಾಲು ಬಿಟ್ಟರೆ, ಅಂಗಾಲು ತಣ್ಣಗಾದರೆ, ಮೈ ಸುಟ್ಟರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ, ಅಂಗೈ ಅಂಗಾಲು ಹಳದಿಯಾದರೆ, ಆಕೆಗಾಗಿಯೂ ಕಾಯದೆ 108ಕ್ಕೆ ಕರೆ ಮಾಡಿರಿ. ವಾಹನದಲ್ಲಿಯೂ ಕೂಸು ಎದೆಯ ಮೇಲೆಯೇ ಇರಲಿ.

ತಂದೆಯರಿಗೆ ಇನ್ನೊಂದು ಸಣ್ಣ ಸೂಚನೆ: ಘಟಕಕ್ಕೆ ಬರುವಾಗ ಸ್ನಾನ ಮಾಡಿ, ಮುಂದೆ ಗುಂಡಿಯಿರುವ ಒಗೆದ ಅಂಗಿಯನ್ನು ತೊಟ್ಟು ಬನ್ನಿರಿ.