ಕ್ಯಾಮೆರಾ ಮುಂದಿನ ಮನುಷ್ಯ

ಅಮೆರಿಕದ ನಿರ್ದೇಶಕ ಎರಲ್ ಮಾರಿಸ್ 1981ರಲ್ಲಿ ತೆಗೆದ ‘ವರ್ನನ್, ಫ್ಲೋರಿಡಾ’ ಸಾಕ್ಷ್ಯಚಿತ್ರದಲ್ಲಿ ಆ ಊರಿನ ಒಬ್ಬನಿಗೆ ಟರ್ಕಿ ಕೋಳಿ ಬೇಟೆಯ ಹೊರತು ಬೇರೆ ಮಾತಿಲ್ಲ. ಇನ್ನಿಬ್ಬರು, ಗಂಡ ಹೆಂಡತಿ, ಬಾಟಲಿಯಲ್ಲಿಟ್ಟ ಮರಳು ಬೆಳೆಯುತ್ತಿದೆ ಎನ್ನುತ್ತಾರೆ. ನಿರೂಪಕನ ದನಿಯೇ ಇಲ್ಲ. ನಗುವುದು ಬಿಡುವುದು ನಮಗೆ ಬಿಟ್ಟದ್ದು. ನನಗಂತೂ ಮೊದಲು ನಗು, ಆಮೇಲೆ ಮುಜುಗರ.

ನಮ್ಮಲ್ಲೂ ಹೀಗೆ ನಕ್ಕವರಿದ್ದಾರೆ: ಮಂಡ್ಯ ಜಿಲ್ಲೆಯ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಬೆಟ್ಟದಲ್ಲಿ ಕೆರೆಕಟ್ಟೆ ತೋಡಿಸುವಾಗ ಹುಚ್ಚನೆಂದವರೂ ಇದ್ದರು. 2020ರಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಹೆಸರೆತ್ತಿದ್ದೇ ತಡ, ಕ್ಯಾಮೆರಾಗಳು ಬೆಟ್ಟ ಹತ್ತಿದವು. ಮನುಷ್ಯ ಅವನೇ, ಬದಲಾದದ್ದು ನೋಡುವವರ ಕಣ್ಣು, ಅದೂ ದಿಲ್ಲಿಯಿಂದ ಅಪ್ಪಣೆಯಾದ ಮೇಲೆ!

ಕಲಬುರಗಿಯ ಗಲ್ಲಿಯಲ್ಲೋ, ಕಮಲಾಪುರದ ಕೆಂಪು ಬಾಳೆ ತೋಟದಲ್ಲೋ ಇಂಥ ಹಿರಿಯರು ಸಿಕ್ಕರೆ, ಮೊಬೈಲ್ ಎತ್ತುವ ಮೊದಲು ಜೊತೆಗೆ ಕೂತು ಒಂದು ಕಪ್ ಚಹಾ ಕುಡಿಯಿರಿ. ವಿಡಿಯೊ ಮಾಡಬಹುದೇ ಎಂದು ಅವರನ್ನೇ ಕೇಳಿ.