ಸೈಬರ್ ರಕ್ಷಣೆ ಮತ್ತು ನಮ್ಮ ವಿದ್ಯಾರ್ಥಿಗಳು

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)

ಮಾನ್ಯ ದಾನಿಗಳೇ, ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಂದ ಬಂದಿರುವ ತಂದೆತಾಯಂದಿರೇ, ಮಕ್ಕಳೇ,

ವಿದ್ಯಾರ್ಥಿವೇತನವನ್ನು ನಾವು ಕೈಗೆ ಕೊಡದೆ ನೇರವಾಗಿ ಬ್ಯಾಂಕ್ ಖಾತೆಗೆ ಹಾಕುತ್ತೇವೆ. ಆ ಖಾತೆಯ ಮೇಲೆ ಬೇರೆಯವರ ಕಣ್ಣೂ ಇದೆ. "ಸ್ಕಾಲರ್‌ಶಿಪ್ ಮಂಜೂರಾಗಿದೆ, ಓಟಿಪಿ ಹೇಳಿ" ಎಂದು ಯಾರಾದರೂ ಕೇಳಿದರೆ ಅದು ನಮ್ಮ ಕರೆಯಲ್ಲ. ನಾವು ಎಂದಿಗೂ ಓಟಿಪಿ ಕೇಳುವುದಿಲ್ಲ.

ದೇಶದ ಕಂಪ್ಯೂಟರ್ ಜಾಲಗಳ ರಕ್ಷಣೆಗೆ 2004ರಿಂದ ದೆಹಲಿಯಲ್ಲಿ ಸರ್ಟ್-ಇನ್ ಎಂಬ ರಾಷ್ಟ್ರೀಯ ಸಂಸ್ಥೆ ಇದೆ. ಬ್ಯಾಂಕು, ಕಂಪನಿ, ಸರ್ಕಾರಿ ಕಚೇರಿಗಳು ತಮ್ಮ ಮೇಲೆ ದಾಳಿಯಾದದ್ದು ಗೊತ್ತಾದ 6 ಗಂಟೆಯೊಳಗೆ ಅದಕ್ಕೆ ತಿಳಿಸಬೇಕೆಂದು 2022ರ ಏಪ್ರಿಲ್‌ನಲ್ಲಿ ಆದೇಶವಾಯಿತು. ಒಂದು ಕಡೆ ಸಿಕ್ಕ ಸುಳಿವಿನಿಂದ ಉಳಿದವರನ್ನು ಎಚ್ಚರಿಸುವುದು, ಅಣಕು ದಾಳಿ ನಡೆಸಿ ಸಿಬ್ಬಂದಿಯನ್ನು ತರಬೇತುಗೊಳಿಸುವುದು ಅದರ ಕೆಲಸ.

ಆದರೆ ಮಗ್ಗದ ಮನೆಯ ಉಳಿತಾಯ ಫೋನಿನಲ್ಲೇ ಹಾರಿಹೋದರೆ ಕರೆ ಮಾಡಬೇಕಾದದ್ದು 1930ಕ್ಕೆ. ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರದ ವ್ಯವಸ್ಥೆ ಅದು. ದೂರು ದಾಖಲಾದೊಡನೆ, ಹಣ ಯಾವ ಯಾವ ಖಾತೆಗೆ ದಾಟಿತೋ ಆ ಬ್ಯಾಂಕುಗಳಿಗೆ ಸೂಚನೆ ಹೋಗುತ್ತದೆ. ಕಳ್ಳ ಅದನ್ನು ಡ್ರಾ ಮಾಡುವ ಮೊದಲು ಸಿಕ್ಕರೆ ತಡೆಹಿಡಿಯಬಹುದು. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದು ಆಮೇಲೆ ಹೇಳಿದರೆ ದೆಹಲಿಯ ಯಾವ ಯಂತ್ರವೂ ಹೆಚ್ಚೇನು ಮಾಡಲಾರದು.

ಕಾಲೇಜಿನ ಹುಡುಗರಿಗೆ ಇನ್ನೊಂದು ಮಾತು, ಸ್ವಲ್ಪ ಕಟುವಾಗಿಯೇ. ಕಮಿಷನ್ ಆಸೆಗೆ ನಿಮ್ಮ ಖಾತೆ, ಎಟಿಎಂ ಕಾರ್ಡು, ಸಿಮ್ ಯಾರಿಗೂ ಕೊಡಬೇಡಿ. ವಂಚನೆಯ ಹಣ ಅದರಲ್ಲಿ ಹಾದುಹೋದರೆ ಖಾತೆ ಸ್ಥಗಿತವಾಗುತ್ತದೆ, ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ. ದಾನಿಗಳು ಕೊಟ್ಟ ಫೀಸಿನ ಹಣವೂ ಅದರೊಳಗೇ ಸಿಕ್ಕಿಬೀಳುತ್ತದೆ.

ಈ ಕೆಲಸಕ್ಕೆಲ್ಲ ತಿಳಿದವರು ಬೇಕು. ಕೇಂದ್ರದ ಐಸಿಯಾ ಯೋಜನೆ ಕಾಲೇಜುಗಳಲ್ಲಿ ಮಾಹಿತಿ ಸುರಕ್ಷತೆಯ ಶಿಕ್ಷಣಕ್ಕೆ ನೆರವಾಗುತ್ತಿದೆ. ಕರ್ನಾಟಕ ಸರ್ಕಾರದ ಸೈಬರ್ ಭದ್ರತಾ ಕೇಂದ್ರ ಸೈಸೆಕ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿದೆ. ಅದೇ ವಿಜ್ಞಾನ ಸಂಸ್ಥೆಯ ಇನ್ನೊಂದು ಆವರಣ ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೇ ಇದೆ. ಅಲ್ಲಿ ಶಾಲಾ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ನಮ್ಮ ಮಕ್ಕಳು ಬಸ್ಸಿನ ಕಿಟಕಿಯಿಂದ ಅದರ ಬೇಲಿ ನೋಡಿದ್ದಾರೆ, ಅಷ್ಟೇ.

ಇಂಜಿನಿಯರಿಂಗ್, ಮೆಡಿಕಲ್ ಎಂದಷ್ಟೇ ಕೇಳುವ ಅಭ್ಯಾಸ ನಮ್ಮಲ್ಲಿದೆ. ಈ ವರ್ಷದಿಂದ ಬಿಸಿಎ, ಡಿಪ್ಲೊಮಾ ಓದುತ್ತ ಸೈಬರ್ ಭದ್ರತೆ ಆರಿಸಿಕೊಂಡವರ ಅರ್ಜಿಯನ್ನೂ ಅದೇ ಸಾಲಿನಲ್ಲಿ ಪರಿಗಣಿಸುತ್ತೇವೆ. ಪರೀಕ್ಷಾ ಶುಲ್ಕದ ರಸೀದಿಯನ್ನು ಅರ್ಜಿಯೊಂದಿಗೆ ಲಗತ್ತಿಸಿ. ಹೆಣ್ಣುಮಕ್ಕಳ ಅರ್ಜಿಗಳನ್ನು ಮೊದಲು ನೋಡುತ್ತೇವೆ.